ಗ್ಲಿಯೋಬ್ಲಾಸ್ಟೋಮಾ ರೋಗಿಯ ರಕ್ತದಲ್ಲಿ ವಿಇಜಿಎಫ್ ಅಳೆಯುವ ಬಗೆ

ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳು ಗಡ್ಡೆ ಇರುವ ಒಬ್ಬರೇ ರೋಗಿಯ ತೋಳಿನಿಂದ ಒಂದೇ ಹೊತ್ತಿಗೆ ಎರಡು ಟ್ಯೂಬ್ ರಕ್ತ ತೆಗೆಯಿರಿ. ಒಂದು ಕೆಂಪು ಮುಚ್ಚಳದ್ದು (ಇದರಲ್ಲಿ ರಕ್ತ ಹೆಪ್ಪುಗಟ್ಟಿ, ಮೇಲುಳಿಯುವ ದ್ರವ ಸೀರಮ್), ಇನ್ನೊಂದು ನೇರಳೆ ಮುಚ್ಚಳದ್ದು (ಇದರಲ್ಲಿ ಹೆಪ್ಪುಗಟ್ಟುವುದಿಲ್ಲ, ದ್ರವದ ಹೆಸರು ಪ್ಲಾಸ್ಮಾ). ಕೆಂಪು ಟ್ಯೂಬಿನ ಸೀರಮ್‌ನಲ್ಲಿ ವಿಇಜಿಎಫ್ (ರಕ್ತನಾಳ ಬೆಳೆಸುವ ಪ್ರೋಟೀನ್) ಪ್ರತಿ ಮಿ.ಲೀ.ಗೆ 300 ಪಿಕೋಗ್ರಾಂ ಬಂದು, ನೇರಳೆ ಟ್ಯೂಬಿನ ಪ್ಲಾಸ್ಮಾದಲ್ಲಿ 40 ಬಂದರೆ ಅಚ್ಚರಿಪಡಬೇಕಿಲ್ಲ. ಎಲೈಸಾ (ಆಂಟಿಬಾಡಿಯಿಂದ ಪ್ರೋಟೀನ್ ಹಿಡಿದು ಅಳೆಯುವ ಪರೀಕ್ಷೆ) ಎರಡಕ್ಕೂ ಸರಿಯಾಗಿಯೇ ನಡೆದಿರುತ್ತದೆ. ಆ 260ರ ವ್ಯತ್ಯಾಸಕ್ಕೂ ಗಡ್ಡೆಗೂ ಸಂಬಂಧವಿಲ್ಲ. ಕೆಂಪು ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ತಮ್ಮೊಳಗಿದ್ದುದನ್ನು ಹೊರಚೆಲ್ಲಿದ್ದರ ಫಲ ಅದು.

ಮಿದುಳು ಗಡ್ಡೆಯ ರಕ್ತನಾಳ ಬೆಳವಣಿಗೆಯನ್ನು ರಕ್ತದಲ್ಲಿ ಹುಡುಕುವ ಕೆಲಸ ಕೆಡುವುದು ಬಹುಪಾಲು ಹೀಗೆಯೇ. ಎಲೈಸಾ ಪ್ಲೇಟ್ ಮುಟ್ಟುವ ಮೊದಲೇ, ರಕ್ತ ತೆಗೆದ ಮೊದಲ ಒಂದು ಗಂಟೆಯೊಳಗೆ ಅಂಕಿಯ ಹಣೆಬರಹ ನಿರ್ಧಾರವಾಗಿರುತ್ತದೆ. ಈ ಕೆಲಸಕ್ಕೆ ಕೈಹಾಕುವ ಸ್ನಾತಕೋತ್ತರ ವಿದ್ಯಾರ್ಥಿಗಳು, ಲ್ಯಾಬ್ ಟೆಕ್ನೀಷಿಯನ್‌ಗಳು ಮತ್ತು ಸಂಶೋಧನಾ ನರ್ಸ್‌ಗಳಿಗೆ ಆ ಒಂದು ಗಂಟೆಯನ್ನೇ ಮುಖ್ಯವಾಗಿಟ್ಟುಕೊಂಡು ಇಲ್ಲಿ ವಿವರಿಸಿದ್ದೇವೆ.

ರೋಗಿಯ ಮನೆಯವರು ಇದನ್ನು ಓದುತ್ತಿದ್ದರೆ ಮೊದಲೇ ಒಂದು ಮಾತು. ಇದು ಇನ್ನೂ ಸಂಶೋಧನೆಯ ಪರೀಕ್ಷೆ. ಗ್ಲಿಯೋಬ್ಲಾಸ್ಟೋಮಾಕ್ಕೆ ಯಾವ ಔಷಧ ಕೊಡಬೇಕು, ಗಡ್ಡೆ ಮರಳಿದೆಯೇ ಎಂಬುದನ್ನು ರಕ್ತದ ವಿಇಜಿಎಫ್ ನೋಡಿ ಯಾರೂ ತೀರ್ಮಾನಿಸುವುದಿಲ್ಲ. ಅದಕ್ಕೆ ಎಂಆರ್‌ಐ ಮತ್ತು ವೈದ್ಯರ ತಪಾಸಣೆಯೇ ಆಧಾರ. ಕೈಯಿಂದ ಹಣ ಹಾಕಿ ಈ ಪರೀಕ್ಷೆ ಮಾಡಿಸಿಕೊಳ್ಳಬೇಡಿ. ಒಂದು ಅಂಕಿ ಮೇಲೆ ಹೋಯಿತೆಂದು ಎದೆಗುಂದಲೂ ಬೇಡಿ.

ಏನನ್ನು ಅಳೆಯುತ್ತೇವೆ, ಯಾಕೆ

ಗ್ಲಿಯೋಬ್ಲಾಸ್ಟೋಮಾ ಬೆಳೆಯುವ ವೇಗಕ್ಕೆ ಅದರ ಒಳಭಾಗಕ್ಕೆ ಆಮ್ಲಜನಕ ಸಾಲುವುದಿಲ್ಲ. ಆಮ್ಲಜನಕ ಕಡಿಮೆಯಾದಾಗ ಕೋಶದೊಳಗಿನ ಎಚ್‌ಐಎಫ್-1 ಆಲ್ಫಾ ಪ್ರೋಟೀನ್ ಒಡೆಯದೆ ಉಳಿದು ವಿಇಜಿಎಫ್ ತಯಾರಿಕೆಯನ್ನು ಹೆಚ್ಚಿಸುತ್ತದೆ. 1983ರಲ್ಲಿ ಇದನ್ನು ಮೊದಲು ಗುರುತಿಸಿದಾಗ, ರಕ್ತನಾಳಗಳು ಸೋರುವಂತೆ ಮಾಡುವ ವಸ್ತು ಎಂದಷ್ಟೇ ತಿಳಿದಿತ್ತು. ನಾಳದ ಒಳಪದರದ ಕೋಶಗಳನ್ನು ಬೆಳೆಸುವುದೂ ಇದೇ ಎಂದು 1989ರ ಹೊತ್ತಿಗೆ ಗೊತ್ತಾಯಿತು. ಮಿದುಳಿನಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ: ಹೊಸ ನಾಳಗಳು ಹುಟ್ಟುತ್ತವೆ, ಅವು ಸೋರುವುದರಿಂದ ಸುತ್ತ ಊತವೂ ಏರುತ್ತದೆ.

ಆದರೆ ಗಡ್ಡೆಯಲ್ಲಿ ಹುಟ್ಟಿದ ವಿಇಜಿಎಫ್ ಬಹುತೇಕ ಅಲ್ಲೇ ಖರ್ಚಾಗುತ್ತದೆ. ಗಡ್ಡೆಯೊಳಗಿನ ನೀರ್ಗುಳ್ಳೆಯ ದ್ರವದಲ್ಲಿ ಅದು ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ತೋಳಿನ ರಕ್ತಕ್ಕೆ ಬರುವುದು ಅದರ ಸಣ್ಣ ಪಾಲು, ಅದೂ ಪ್ಲೇಟ್‌ಲೆಟ್, ಬಿಳಿರಕ್ತಕಣ, ಸ್ನಾಯು ಎಲ್ಲದರಿಂದ ಬಂದುದರ ಜೊತೆ ಬೆರೆತು. ಹುಡುಕುತ್ತಿರುವ ಸದ್ದು ಇಷ್ಟು ಸಣ್ಣದಾಗಿರುವಾಗ ಟ್ಯೂಬಿನಲ್ಲಿ ನಾವೇ ಗದ್ದಲ ಸೇರಿಸಿದರೆ ಏನೂ ಕೇಳಿಸುವುದಿಲ್ಲ.

ವಿಇಜಿಎಫ್ ಒಂದನ್ನೇ ಅಳೆಯುವುದಕ್ಕಿಂತ ಜೊತೆಗೆ ಇನ್ನೆರಡನ್ನು ಅಳೆಯುವುದು ಮೇಲು. ಮೊದಲನೆಯದು ವಿಇಜಿಎಫ್‌ನ ಬಂಧು ಪ್ರೋಟೀನ್ ಆದ ಪಿಎಲ್‌ಜಿಎಫ್. ವಿಇಜಿಎಫ್ ದಾರಿಯನ್ನು ಔಷಧ ತಡೆದಾಗ ಇದು ಏರುತ್ತದೆ, ಪ್ಲೇಟ್‌ಲೆಟ್ ಗಲಾಟೆ ಇದರಲ್ಲಿ ಕಡಿಮೆ. (ಗರ್ಭಿಣಿಯರಲ್ಲಿ ಮಾಸುವಿನಿಂದಲೇ ಇದು ಹೇರಳವಾಗಿ ಬರುವುದರಿಂದ ಅವರ ಮಾದರಿ ಇಲ್ಲಿ ಲೆಕ್ಕಕ್ಕಿಲ್ಲ.) ಎರಡನೆಯದು ರಕ್ತದಲ್ಲಿ ಕರಗಿರುವ ವಿಇಜಿಎಫ್ ಗ್ರಾಹಕ-2 (ನಾಳದ ಕೋಶಗಳ ಮೇಲೆ ವಿಇಜಿಎಫ್ ಹಿಡಿಯುವ ಪ್ರೋಟೀನ್). ಇದು ಪಿಕೋಗ್ರಾಂನಲ್ಲಲ್ಲ, ನ್ಯಾನೋಗ್ರಾಂನಲ್ಲಿ ಸಿಗುವುದರಿಂದ ಅಳೆಯುವುದು ಸುಲಭ.

ಬಾಸ್ಟನ್ನಿನಲ್ಲಿ ವಿಇಜಿಎಫ್ ಗ್ರಾಹಕಗಳನ್ನು ತಡೆಯುವ ಸೆಡಿರಾನಿಬ್ ಔಷಧದ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಈ ಕ್ಷೇತ್ರದ ಮೈಲಿಗಲ್ಲು. ಔಷಧ ಶುರುವಾದ ಮೇಲೆ ರೋಗಿಗಳ ಪ್ಲಾಸ್ಮಾದಲ್ಲಿ ವಿಇಜಿಎಫ್, ಪಿಎಲ್‌ಜಿಎಫ್ ಏರಿದವು, ಗ್ರಾಹಕ-2 ಇಳಿಯಿತು. ಗಡ್ಡೆ ಔಷಧಕ್ಕೆ ಬಗ್ಗದೆ ಹೋದಾಗ ನಾಳ ಬೆಳೆಸುವ ಬೇರೆ ಪ್ರೋಟೀನ್‌ಗಳಾದ ಬಿಎಫ್‌ಜಿಎಫ್, ಎಸ್‌ಡಿಎಫ್-1 ಆಲ್ಫಾ ಮತ್ತು ರಕ್ತದಲ್ಲಿ ತೇಲುವ ನಾಳದ ಒಳಪದರದ ಕೋಶಗಳು ಹೆಚ್ಚಿದವು. ಅದೇ ಔಷಧವನ್ನು ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿದ ಮೂರನೇ ಹಂತದ ಅಧ್ಯಯನ 2013ರಲ್ಲಿ ಪ್ರಕಟವಾದಾಗ, ಗಡ್ಡೆ ಮತ್ತೆ ಬೆಳೆಯುವುದನ್ನು ಮುಂದೂಡುವ ತನ್ನ ಮುಖ್ಯ ಗುರಿಯನ್ನು ಸೆಡಿರಾನಿಬ್ ಮುಟ್ಟಿರಲಿಲ್ಲ. ಔಷಧ ತನ್ನ ಗುರಿಗೆ ತಾಗಿದೆಯೇ ಎಂಬುದನ್ನು ರಕ್ತದ ಸೂಚಕ ಹೇಳಬಲ್ಲದು. ರೋಗಿಗೆ ಒಳ್ಳೆಯದಾಗುತ್ತದೆಯೇ ಎಂಬುದನ್ನು ಅದರಿಂದ ಊಹಿಸಬಾರದು. ಪ್ರಬಂಧದ ಉದ್ದೇಶ ಬರೆಯುವಾಗಲೇ ಈ ಗೆರೆ ಎಳೆದುಕೊಳ್ಳಿ.

ಸೀರಮ್ ಬೇಡ, ಪ್ಲಾಸ್ಮಾ

ಹಳೆಯ ಪ್ರಬಂಧಗಳಲ್ಲಿ ಬಹಳಷ್ಟು ಸೀರಮ್ ಅಂಕಿಗಳಿವೆ. ಅದನ್ನು ನೋಡಿ ಹೊಸಬರೂ ಸೀರಮ್ ತೆಗೆಯುತ್ತಾರೆ. ಗ್ಲಿಯೋಬ್ಲಾಸ್ಟೋಮಾದಲ್ಲಿ ಇದು ವಿಶೇಷವಾಗಿ ಅಪಾಯ. ಈ ರೋಗಿಗಳಿಗೆ ಕೊಡುವ ಟೆಮೊಜೊಲೊಮೈಡ್ ಎಂಬ ಕೀಮೋ ಔಷಧ ಪ್ಲೇಟ್‌ಲೆಟ್ ಇಳಿಸುತ್ತದೆ; 28 ದಿನಗಳ ಸುತ್ತಿನಲ್ಲಿ ಮೂರನೇ ವಾರ ಕಳೆದ ಮೇಲೆ ಎಣಿಕೆ ತಳ ಮುಟ್ಟುವುದು ಸಾಮಾನ್ಯ. ಚಿಕಿತ್ಸೆಗೆ ಮುಂಚೆ 2.5 ಲಕ್ಷ ಇದ್ದ ಪ್ಲೇಟ್‌ಲೆಟ್ 80,000ಕ್ಕೆ ಇಳಿದರೆ ಸೀರಮ್ ವಿಇಜಿಎಫ್ ಕೂಡ ಅದರ ಹಿಂದೆಯೇ ಇಳಿಯುತ್ತದೆ. ನೋಡಿದವರು ‘ಚಿಕಿತ್ಸೆಯಿಂದ ನಾಳಗಳ ಬೆಳವಣಿಗೆ ತಗ್ಗಿದೆ’ ಎಂದು ಬರೆದುಬಿಡುತ್ತಾರೆ. ತಗ್ಗಿದ್ದು ಪ್ಲೇಟ್‌ಲೆಟ್ ಮಾತ್ರ.

ಸೀರಮ್ ಅಂಕಿಯನ್ನು ಪ್ಲೇಟ್‌ಲೆಟ್ ಎಣಿಕೆಯಿಂದ ಭಾಗಿಸಿ ಸರಿಪಡಿಸುವವರಿದ್ದಾರೆ. ಪ್ರತಿ ಪ್ಲೇಟ್‌ಲೆಟ್‌ನಲ್ಲೂ ಅಷ್ಟೇ ವಿಇಜಿಎಫ್ ಇದೆ, ಹೆಪ್ಪುಗಟ್ಟುವಾಗ ಎಲ್ಲವೂ ಪೂರ್ತಿ ಹೊರಬಂದಿದೆ ಎಂಬ ಎರಡು ನಂಬಿಕೆಗಳ ಮೇಲೆ ಆ ಲೆಕ್ಕ ನಿಂತಿದೆ. ಎರಡೂ ಗಟ್ಟಿಯಲ್ಲ. ಹಳೆಯ ಸೀರಮ್ ಮಾತ್ರ ಫ್ರೀಜರಿನಲ್ಲಿದ್ದರೆ ಆ ಲೆಕ್ಕ ಮಾಡಿ, ಹಾಗೆ ಮಾಡಿದ್ದನ್ನು ಬರೆಯಿರಿ. ಹೊಸದಾಗಿ ಆರಂಭಿಸುವವರು ಪ್ಲಾಸ್ಮಾವನ್ನೇ ತೆಗೆಯಬೇಕು.

ಯಾವ ಟ್ಯೂಬ್? ಸಾಮಾನ್ಯ ಕೆಲಸಕ್ಕೆ ನೇರಳೆ ಮುಚ್ಚಳದ ಕೆ2 ಇಡಿಟಿಎ ಸಾಕು. ಇನ್ನೂ ಬಿಗಿಯಾಗಿ ಮಾಡಬೇಕೆಂದರೆ ಸಿಟಿಎಡಿ ಟ್ಯೂಬ್ ಬಳಸಿ. ಇದರಲ್ಲಿ ಸಿಟ್ರೇಟ್ ಜೊತೆಗೆ ಥಿಯೋಫಿಲಿನ್, ಅಡೆನೋಸಿನ್, ಡೈಪಿರಿಡಮೋಲ್ ಇದ್ದು ಪ್ಲೇಟ್‌ಲೆಟ್ ಕೆರಳದಂತೆ ತಡೆಯುತ್ತವೆ. ಬೆಳಕು ತಾಗಿದರೆ ಕೆಡುವುದರಿಂದ ಟ್ಯೂಬ್‌ಗಳನ್ನು ಡಬ್ಬಿಯಲ್ಲೇ ಇಡಬೇಕು. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಮಾತ್ರ ಬೇಡ: ವಿಇಜಿಎಫ್‌ನ 165 ರೂಪ ಹೆಪಾರಿನ್‌ಗೆ ಅಂಟಿಕೊಳ್ಳುತ್ತದೆ, 121 ರೂಪ ಅಂಟುವುದಿಲ್ಲ. ಬಿಎಫ್‌ಜಿಎಫ್ ಕೂಡ ಹೆಪಾರಿನ್‌ಗೆ ಅಂಟುವ ಜಾತಿಯದೇ.

ಸಿಟ್ರೇಟ್ ಟ್ಯೂಬಿನಲ್ಲಿ ಒಂದು ಲೆಕ್ಕ ತಪ್ಪುವವರು ಬಹಳ. ಟ್ಯೂಬಿನಲ್ಲಿ 1 ಪಾಲು ದ್ರವ, 9 ಪಾಲು ರಕ್ತ ಎಂದು 1.11ರಿಂದ ಗುಣಿಸುತ್ತಾರೆ. ಸಿಟ್ರೇಟ್ ಬೆರೆಯುವುದು ಪ್ಲಾಸ್ಮಾಕ್ಕೆ ಮಾತ್ರ, ಕೆಂಪುಕಣಗಳಿಗಲ್ಲ. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 45 ಇದ್ದರೆ 9 ಮಿ.ಲೀ. ರಕ್ತದಲ್ಲಿ ಪ್ಲಾಸ್ಮಾ 4.95 ಮಿ.ಲೀ. ಅದಕ್ಕೆ 1 ಮಿ.ಲೀ. ಸೇರಿ 5.95 ಆಯಿತು, ಗುಣಿಸಬೇಕಾದ್ದು 1.2ರಿಂದ. ಹಿಮಟೋಕ್ರಿಟ್ 30ಕ್ಕೆ ಇಳಿದ ರೋಗಿಯಲ್ಲಿ ಅದೇ ಲೆಕ್ಕ 1.16 ಆಗುತ್ತದೆ. ರಕ್ತ ತೆಗೆದ ದಿನದ ಹಿಮಟೋಕ್ರಿಟ್ ಬರೆದಿಟ್ಟುಕೊಂಡಿದ್ದರೆ ಮಾತ್ರ ಇದು ಸಾಧ್ಯ. ಇಡಿಟಿಎಯಲ್ಲಿ ಟ್ಯೂಬಿನ ಗೋಡೆಗೆ ಒಣಗಿದ ಪುಡಿ ಇರುವುದರಿಂದ ಈ ತೊಡಕಿಲ್ಲ. ಒಂದು ಅಧ್ಯಯನದಲ್ಲಿ ಒಂದೇ ಬಗೆಯ ಟ್ಯೂಬ್ ಇರಲಿ. ಅರ್ಧ ದಾರಿಯಲ್ಲಿ ಸ್ಟಾಕ್ ಮುಗಿಯಿತೆಂದು ಬದಲಿಸಬೇಡಿ.

ಯಾವಾಗ ರಕ್ತ ತೆಗೆಯಬೇಕು

ಮೊದಲ ಮಾದರಿ ಶಸ್ತ್ರಚಿಕಿತ್ಸೆಗೆ ಮುಂಚೆ. ಡೆಕ್ಸಾಮೆಥಸೋನ್ ಶುರುವಾಗುವ ಮೊದಲೇ ಸಿಕ್ಕರೆ ಒಳ್ಳೆಯದು, ಏಕೆಂದರೆ ಸ್ಟೀರಾಯ್ಡ್ ಗಡ್ಡೆ ಕೋಶಗಳ ವಿಇಜಿಎಫ್ ತಯಾರಿಕೆಯನ್ನೇ ತಗ್ಗಿಸುತ್ತದೆ. ಹಾಗೆಂದು ನಮ್ಮ ಟ್ಯೂಬಿಗಾಗಿ ಊತ ಇರುವ ರೋಗಿಯ ಸ್ಟೀರಾಯ್ಡ್ ಒಂದು ಗಂಟೆಯೂ ತಡವಾಗಬಾರದು. ತುರ್ತು ವಿಭಾಗದಲ್ಲೇ ಮೊದಲ ಡೋಸ್ ಆಗಿಬಿಟ್ಟಿದ್ದರೆ ದಿನಕ್ಕೆ ಎಷ್ಟು ಮಿಲಿಗ್ರಾಂ, ಎಷ್ಟು ದಿನದಿಂದ ಎಂದು ಬರೆದುಕೊಂಡು ಮುಂದುವರಿಯಿರಿ.

ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ವಾರ ಗಾಯ ಮಾಯುವ ಕಾಲ. ಆಗ ನೆತ್ತಿಯ ಚರ್ಮ, ಮೂಳೆ, ಮಿದುಳಿನ ಪೊರೆ ಎಲ್ಲವೂ ವಿಇಜಿಎಫ್ ಬಿಡುತ್ತವೆ. ಆರನೇ ದಿನ ತೆಗೆದ ರಕ್ತ ಗಡ್ಡೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ನಾಲ್ಕು ವಾರ ಬಿಡಿ. ವಿಇಜಿಎಫ್ ಹಿಡಿದುಕೊಳ್ಳುವ ಔಷಧ ಬೆವಸಿಝುಮ್ಯಾಬ್ ಅನ್ನೂ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ 28 ದಿನ ಕೊಡುವುದಿಲ್ಲವಾದ್ದರಿಂದ ಈ ಮಾದರಿ ಔಷಧಕ್ಕೆ ಮುಂಚಿನ ತಳಹದಿಯೂ ಆಗುತ್ತದೆ.

ಆಮೇಲಿನ ಮಾದರಿಗಳನ್ನು ಎಂಆರ್‌ಐ ದಿನಕ್ಕೆ ಕಟ್ಟಿಹಾಕಿ. ಅದೇ ದಿನ, ಕಾಂಟ್ರಾಸ್ಟ್ ಚುಚ್ಚುವ ಮೊದಲು. ರೇಡಿಯೋಥೆರಪಿ ಮುಗಿದ ಮೊದಲ 12 ವಾರದಲ್ಲಿ ಚಿತ್ರದಲ್ಲಿ ಗಡ್ಡೆ ದೊಡ್ಡದಾದಂತೆ ಕಂಡು ಆಮೇಲೆ ತಾನಾಗಿ ಇಳಿಯುವುದುಂಟು. ಬೆವಸಿಝುಮ್ಯಾಬ್ ಕೊಟ್ಟ ಮೇಲೆ ಸೋರಿಕೆ ನಿಂತು, ಗಡ್ಡೆ ಕರಗದೆಯೇ ಕರಗಿದಂತೆ ಕಾಣುವುದೂ ಉಂಟು. ರಕ್ತದ ಸೂಚಕ ನೆರವಾಗಬಹುದೆಂಬ ಆಸೆ ಇರುವುದೇ ಈ ಎರಡು ಗೊಂದಲದ ಜಾಗಗಳಲ್ಲಿ. ಅಲ್ಲಿ ಚಿತ್ರ ಒಂದು ದಿನದ್ದು, ರಕ್ತ ಎರಡು ವಾರ ಆಚೆಯದ್ದು ಆದರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ಜ್ವರ, ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇದ್ದ ದಿನ ಸಾಧ್ಯವಾದರೆ ಮುಂದೂಡಿ. ಗ್ಲಿಯೋಬ್ಲಾಸ್ಟೋಮಾದವರಿಗೆ ಕಾಲಿನ ಹೆಪ್ಪು ಬಹಳ ಸಾಮಾನ್ಯ, ಹೆಪಾರಿನ್ ಚುಚ್ಚುಮದ್ದೂ ಅಷ್ಟೇ ಸಾಮಾನ್ಯ. ಹೆಪಾರಿನ್ ನಾಳದ ಗೋಡೆಗೆ ಅಂಟಿದ ವಿಇಜಿಎಫ್ ಗ್ರಾಹಕ-1 ಅನ್ನು ರಕ್ತಕ್ಕೆ ಬಿಡಿಸುತ್ತದೆ. ಗ್ರಾಹಕ-1 ಅಳೆಯುವವರು ಕೊನೆಯ ಚುಚ್ಚುಮದ್ದಿನ ಗಂಟೆಯನ್ನೂ ಬರೆಯಬೇಕು.

ಒಪ್ಪಿಗೆಯ ವಿಷಯದಲ್ಲೂ ಈ ರೋಗಿಗಳು ಬೇರೆ. ಎಡಭಾಗದ ಗಡ್ಡೆಯಿಂದ ಮಾತು ತಡವರಿಸುವವರು, ಮುಂಭಾಗದ ಗಡ್ಡೆಯಿಂದ ಎಲ್ಲಕ್ಕೂ ತಲೆಯಾಡಿಸುವವರು ಇರುತ್ತಾರೆ. ನೈತಿಕ ಸಮಿತಿಯ ಅನುಮತಿ ಇದ್ದರೆ ಸಾಲದು. ಹಾಳೆಯಲ್ಲಿರುವುದನ್ನು ರೋಗಿ ತಮ್ಮ ಮಾತಿನಲ್ಲಿ ತಿರುಗಿ ಹೇಳಬಲ್ಲರೇ ನೋಡಿ. ಆಗದಿದ್ದರೆ ಕಾನೂನುಬದ್ಧ ಪ್ರತಿನಿಧಿಯ ಸಹಿ ಬೇಕು.

ರಕ್ತ ತೆಗೆಯುವಾಗ

ರೋಗಿ 15 ನಿಮಿಷ ಕುಳಿತಿರಲಿ. 21 ಗೇಜ್ ಸೂಜಿ ಬಳಸಿ. ಸಣ್ಣ ಸೂಜಿಯಲ್ಲಿ ಎಳೆದರೆ ಕಣಗಳು ಒಡೆಯುತ್ತವೆ. ತೋಳಿಗೆ ಕಟ್ಟಿದ ಪಟ್ಟಿ ಒಂದು ನಿಮಿಷ ಮೀರಬಾರದು. ರಕ್ತ ಬಂದೊಡನೆ ಪಟ್ಟಿ ಬಿಚ್ಚಿ. ಮೊದಲ 3 ಮಿ.ಲೀ. ಬೇರೆ ಟ್ಯೂಬಿಗೆ ಹೋಗಲಿ, ಏಕೆಂದರೆ ಚುಚ್ಚಿದ ಗಾಯದ ಪ್ಲೇಟ್‌ಲೆಟ್‌ಗಳು ಆಗಲೇ ಕೆರಳಿರುತ್ತವೆ. ಆ ರಕ್ತವನ್ನು ಬಿಸಾಡಬೇಕಿಲ್ಲ, ಅದೇ ದಿನದ ಬಯೋಕೆಮಿಸ್ಟ್ರಿಗೆ ಕಳುಹಿಸಿ. ರಕ್ತ ಎಳೆಯಲು ಕಷ್ಟವಾಗಿ ಎರಡು ಮೂರು ಕಡೆ ಚುಚ್ಚಬೇಕಾದರೆ ಅದನ್ನು ಟಿಪ್ಪಣಿಯಲ್ಲಿ ಬರೆಯಿರಿ. ಹೆಪಾರಿನ್ ಹಾಕಿ ತೊಳೆದ ಕ್ಯಾನುಲಾದಿಂದ ತೆಗೆಯಬೇಡಿ.

6 ಮಿ.ಲೀ. ಇಡಿಟಿಎ ಟ್ಯೂಬನ್ನು ಗೆರೆಯವರೆಗೆ ತುಂಬಿಸಿ, ನಿಧಾನವಾಗಿ 8ರಿಂದ 10 ಸಲ ಮೇಲೆ ಕೆಳಗೆ ತಿರುಗಿಸಿ. ಅಲ್ಲಾಡಿಸಬೇಡಿ. ಆಸ್ಪತ್ರೆಯಲ್ಲಿ ಗಾಳಿಯ ಒತ್ತಡದ ಕೊಳವೆಯಲ್ಲಿ ಮಾದರಿ ಕಳುಹಿಸುವ ವ್ಯವಸ್ಥೆ ಇದ್ದರೂ ಈ ಟ್ಯೂಬನ್ನು ಅದರಲ್ಲಿ ಹಾಕಬೇಡಿ, ಆ ಕುಲುಕಾಟವೇ ಪ್ಲೇಟ್‌ಲೆಟ್ ಕೆರಳಿಸಲು ಸಾಕು. ಕೈಯಲ್ಲೇ ಒಯ್ಯಬೇಕು, ನೆಟ್ಟಗೆ ನಿಲ್ಲಿಸಿ, ಕೋಣೆಯ ಉಷ್ಣತೆಯಲ್ಲಿ. ತಣ್ಣಗೆ ಮಾಡಿದರೆ ಪ್ಲೇಟ್‌ಲೆಟ್ ಆಕಾರ ಬದಲಿಸುತ್ತದೆ. ಸಿಟಿಎಡಿ ಬಳಸುವ ಕೆಲವು ಕ್ರಮಗಳಲ್ಲಿ ಐಸ್ ಬಳಸುತ್ತಾರೆ. ಆ ದಾರಿ ಹಿಡಿದರೆ ಮೊದಲ ರೋಗಿಯಿಂದ ಕೊನೆಯ ರೋಗಿಯವರೆಗೆ ಅದನ್ನೇ ಹಿಡಿಯಬೇಕು.

ಟ್ಯೂಬಿನ ಮೇಲೆ ಗಂಟೆ-ನಿಮಿಷ ಬರೆಯಿರಿ. 30 ನಿಮಿಷದೊಳಗೆ ಸೆಂಟ್ರಿಫ್ಯೂಜ್‌ಗೆ (ವೇಗವಾಗಿ ತಿರುಗಿಸಿ ಕಣ ಬೇರ್ಪಡಿಸುವ ಯಂತ್ರ) ಹೋಗಬೇಕು. ಒಂದು ಗಂಟೆ ದಾಟಿದ್ದನ್ನು ಬೇರೆ ಗುರುತು ಹಾಕಿ ಇಡಿ, ಮುಖ್ಯ ಲೆಕ್ಕಕ್ಕೆ ಸೇರಿಸಬೇಡಿ. ಸ್ಟೀರಾಯ್ಡ್‌ನಲ್ಲಿರುವವರ ಬಿಳಿರಕ್ತಕಣ ಏರಿರುತ್ತದೆ, ಅವುಗಳೊಳಗೂ ವಿಇಜಿಎಫ್ ಇದೆ. ರಕ್ತ ಸುಮ್ಮನೆ ನಿಂತಷ್ಟೂ ಅದು ಪ್ಲಾಸ್ಮಾಕ್ಕೆ ಸೋರುತ್ತದೆ.

ಎರಡು ಸಲ ತಿರುಗಿಸಬೇಕು

ಒಂದೇ ಸಲ ತಿರುಗಿಸಿ ಫ್ರೀಜರಿಗೆ ಹಾಕುವುದು ಇಡೀ ಕೆಲಸದಲ್ಲಿ ಅತಿ ಹೆಚ್ಚು ನಡೆಯುವ, ಅತಿ ದುಬಾರಿಯಾದ ತಪ್ಪು. ಮೊದಲ ಸುತ್ತಿನ ಪ್ಲಾಸ್ಮಾ ಕಣ್ಣಿಗೆ ತಿಳಿಯಾಗಿ ಕಂಡರೂ ಅದರಲ್ಲಿ ಪ್ಲೇಟ್‌ಲೆಟ್ ಉಳಿದಿರುತ್ತದೆ. ಹೆಪ್ಪುಗಟ್ಟಿಸಿ ಕರಗಿಸಿದಾಗ ಅವು ಒಡೆದು ವಿಇಜಿಎಫ್ ಬಿಡುತ್ತವೆ. ಆಮೇಲೆ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಬಿಡುಗಡೆಯಾದದ್ದು ದ್ರವದಲ್ಲಿ ಬೆರೆತುಹೋಗಿರುತ್ತದೆ.

ಮೊದಲ ಸುತ್ತು 2000 ಜಿ, 15 ನಿಮಿಷ, ಬ್ರೇಕ್ ಇಲ್ಲದೆ. ಬ್ರೇಕ್ ಹಾಕಿದರೆ ನಿಲ್ಲುವಾಗ ನಡುವಿನ ಬಿಳಿ ಪದರ ಕದಡಿ ಮೇಲೇಳುತ್ತದೆ. ಇಲ್ಲಿ ‘ಜಿ’ (ಭೂಮಿಯ ಸೆಳೆತದ ಎಷ್ಟು ಪಟ್ಟು) ಎಂದಿದ್ದೇವೆ, ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಲ್ಲ. ಎರಡರ ಸಂಬಂಧ ಹೀಗೆ: ಜಿ = 0.00001118 × ತ್ರಿಜ್ಯ (ಸೆಂ.ಮೀ.) × ಆರ್‌ಪಿಎಂ × ಆರ್‌ಪಿಎಂ. ತ್ರಿಜ್ಯ 16 ಸೆಂ.ಮೀ. ಇರುವ ರೋಟರ್‌ನಲ್ಲಿ 2000 ಜಿ ಬರಲು ಸುಮಾರು 3350 ಆರ್‌ಪಿಎಂ ಬೇಕು. ಯಂತ್ರ ಬದಲಾದರೆ ಅಳೆದು ಮತ್ತೆ ಲೆಕ್ಕ ಹಾಕಿ, ಬರೆದು ಯಂತ್ರದ ಮೇಲೆ ಅಂಟಿಸಿ.

ನಿಂತ ಮೇಲೆ ಟ್ಯೂಬಿನಲ್ಲಿ ಮೂರು ಪದರ: ಕೆಳಗೆ ಕೆಂಪು, ಅದರ ಮೇಲೆ ತೆಳ್ಳನೆ ಬಿಳಿ, ಮೇಲೆ ಹೊಂಬಣ್ಣದ ಪ್ಲಾಸ್ಮಾ. ಪಿಪೆಟ್ ತುದಿಯನ್ನು ದ್ರವದ ಮೇಲ್ಮೈಯಲ್ಲೇ ಇಟ್ಟು ಇಳಿಯುತ್ತಾ ಹೋಗಿ. ಬಿಳಿ ಪದರಕ್ಕೆ ಅರ್ಧ ಸೆಂಟಿಮೀಟರ್ ಇರುವಾಗ ನಿಲ್ಲಿಸಿ. ‘ಇನ್ನೂ ಇದೆಯಲ್ಲ’ ಎಂದು ಆಸೆಪಟ್ಟು ತೆಗೆಯುವ ಕೊನೆಯ 300 ಮೈಕ್ರೋಲೀಟರ್ ಮೇಲಿನ ಎರಡು ಮಿ.ಲೀ.ಯನ್ನೂ ಕೆಡಿಸುತ್ತದೆ.

ಎರಡನೇ ಸುತ್ತು ಸಣ್ಣ ಟ್ಯೂಬಿನಲ್ಲಿ, 10,000 ಜಿ, 10 ನಿಮಿಷ, 4 ಡಿಗ್ರಿಯಲ್ಲಿ. ತ್ರಿಜ್ಯ 8.4 ಸೆಂ.ಮೀ. ಇರುವ ಮೈಕ್ರೋಸೆಂಟ್ರಿಫ್ಯೂಜ್‌ನಲ್ಲಿ ಇದು ಸುಮಾರು 10,300 ಆರ್‌ಪಿಎಂ. ತಳದಲ್ಲಿ ಬಿಳಿ ಚುಕ್ಕೆ ಕಾಣಲಿ, ಕಾಣದಿರಲಿ, ಕೊನೆಯ 150 ಮೈಕ್ರೋಲೀಟರ್ ಅಲ್ಲೇ ಬಿಡಿ. ಹೊಸದಾಗಿ ಕ್ರಮ ಜಾರಿಗೆ ತರುವಾಗ ಹತ್ತು ಮಾದರಿಗಳ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸುವ ಮುಂಚೆ ಕಣ ಎಣಿಸುವ ಯಂತ್ರಕ್ಕೆ ಹಾಕಿ ನೋಡಿ; ಮೈಕ್ರೋಲೀಟರ್‌ಗೆ 10,000ಕ್ಕಿಂತ ಕಡಿಮೆ ಪ್ಲೇಟ್‌ಲೆಟ್ ಬರಬೇಕು. ಬಾರದಿದ್ದರೆ ಸೆಂಟ್ರಿಫ್ಯೂಜ್ ಅಥವಾ ಪಿಪೆಟ್ ಹಿಡಿದ ಕೈ, ಎರಡರಲ್ಲೊಂದು ಸರಿಯಾಗಬೇಕು. ಪ್ಲೇಟ್‌ಲೆಟ್ ಕೆರಳಿದಾಗ ಮಾತ್ರ ಹೊರಬರುವ ಪಿಎಫ್4 ಪ್ರೋಟೀನನ್ನು ಕೆಲವು ಮಾದರಿಗಳಲ್ಲಿ ಅಳೆದರೆ ಇನ್ನೂ ಗಟ್ಟಿ ಸಾಕ್ಷಿ. ಪಿಎಫ್4 ಮತ್ತು ವಿಇಜಿಎಫ್ ಒಟ್ಟಿಗೆ ಏರಿಳಿಯುತ್ತಿದ್ದರೆ ನೀವು ಅಳೆಯುತ್ತಿರುವುದು ನಿಮ್ಮ ಕೈಕೆಲಸವನ್ನೇ.

ಪ್ಲಾಸ್ಮಾ ಕೆಂಪಗೆ ಕಂಡರೆ ಕಣ ಒಡೆದಿದೆ ಎಂದರ್ಥ. ಬಣ್ಣದ ಪಟ್ಟಿಗೆ ಹೋಲಿಸಿ ದರ್ಜೆ ಬರೆಯಿರಿ, ಗಾಢವಾಗಿದ್ದರೆ ಬಿಡಿ.

6 ಮಿ.ಲೀ. ರಕ್ತದಿಂದ ಇಷ್ಟೆಲ್ಲ ಬಿಟ್ಟ ಮೇಲೆ ಸುಮಾರು 2 ಮಿ.ಲೀ. ಪ್ಲಾಸ್ಮಾ ಉಳಿಯುತ್ತದೆ. ಅದನ್ನು 250 ಮೈಕ್ರೋಲೀಟರ್‌ನಂತೆ ಎಂಟು ವಯಲ್‌ಗಳಿಗೆ ಹಂಚಿ. ಎಲೈಸಾದಲ್ಲಿ ಪ್ಲೇಟಿನ ಎರಡು ಗುಂಡಿಗಳಿಗೆ (ಮಾದರಿ ಹಾಕುವ ಕುಳಿಗಳು) ತಲಾ 100ರಂತೆ 200 ಬೇಕು, 50 ಕೈತಪ್ಪಿಗೆ. ಒಂದು ವಯಲ್ ಒಂದು ಪರೀಕ್ಷೆಗೆ, ಉಳಿದದ್ದು ಮತ್ತೆ ಫ್ರೀಜರಿಗೆ ಹೋಗುವುದಿಲ್ಲ. ಹೆಸರಿನ ಬದಲು ಅಧ್ಯಯನದ ಸಂಕೇತ ಬರೆದ, ಚಳಿಗೆ ಉದುರದ ಲೇಬಲ್ ಅಂಟಿಸಿ, ಮೈನಸ್ 80 ಡಿಗ್ರಿಯಲ್ಲಿಡಿ. ಒಂದೇ ರೋಗಿಯ ಎಂಟೂ ವಯಲ್‌ಗಳನ್ನು ಒಂದೇ ಫ್ರೀಜರಿನಲ್ಲಿ ಇಡಬೇಡಿ: ಕರೆಂಟು ಹೋಗಿ ಒಂದು ಕೈಕೊಟ್ಟರೂ ಇನ್ನೊಂದರಲ್ಲಿ ನಾಲ್ಕು ಉಳಿಯುತ್ತವೆ. ಬೇರೆ ಊರಿಗೆ ಕಳುಹಿಸುವುದಾದರೆ ಡ್ರೈ ಐಸ್‌ನಲ್ಲೇ ಕಳುಹಿಸಿ.

ಎಲೈಸಾ ದಿನ

ಕಿಟ್ ಆರಿಸುವಾಗಲೇ ನೋಡಬೇಕಾದದ್ದು ಕೆಳಗಿನ ತುದಿ. ಹಲವು ಕಿಟ್‌ಗಳ ಕೊನೆಯ ಸ್ಟ್ಯಾಂಡರ್ಡ್ (ಹೋಲಿಕೆಗೆ ಕೊಡುವ, ಪ್ರಮಾಣ ಗೊತ್ತಿರುವ ದ್ರಾವಣ) 31.2 ಪಿಕೋಗ್ರಾಂ. ಚೆನ್ನಾಗಿ ತೆಗೆದ ಪ್ಲಾಸ್ಮಾದಲ್ಲಿ ವಿಇಜಿಎಫ್ ಅದಕ್ಕೂ ಕೆಳಗೇ ಇರಬಹುದು. ಕಷ್ಟಪಟ್ಟು ಪ್ಲೇಟ್‌ಲೆಟ್ ತೆಗೆದು ಹಾಕಿ, ಕೊನೆಗೆ ಅರ್ಧದಷ್ಟು ಮಾದರಿಗಳಿಗೆ ‘ಅಳತೆಗೆ ಸಿಗಲಿಲ್ಲ’ ಎಂದು ಬರೆಯುವ ಸ್ಥಿತಿ ಬರಬಾರದು. ಹೆಚ್ಚು ಸೂಕ್ಷ್ಮದ ಕಿಟ್‌ಗೆ ಹಣ ಇಡಿ, ಬೇಕಿದ್ದರೆ ಸೂಚಕಗಳ ಸಂಖ್ಯೆ ಕಡಿಮೆ ಮಾಡಿ.

ಕಿಟ್‌ನ ಹಾಳೆಯೇ ಅಂತಿಮ ಮಾತು. ಸಾಮಾನ್ಯ ಕ್ರಮ ಹೀಗಿರುತ್ತದೆ. ವಯಲ್‌ಗಳನ್ನು ಐಸ್ ಮೇಲೆ ಕರಗಿಸಿ, ಮೆಲ್ಲಗೆ ತಿರುಗಿಸಿ, ನಾರಿನಂಥ ಹೆಪ್ಪು ಕಂಡರೆ ಮತ್ತೊಮ್ಮೆ 10,000 ಜಿಯಲ್ಲಿ 5 ನಿಮಿಷ. ಸ್ಟ್ಯಾಂಡರ್ಡ್ 1000ದಿಂದ ಅರ್ಧರ್ಧವಾಗಿ ಇಳಿಸಿ: 500, 250, 125, 62.5, 31.2, 15.6, ಕೊನೆಗೆ ಸೊನ್ನೆ. ಪ್ರತಿ ಹಂತಕ್ಕೂ ಹೊಸ ತುದಿ ಬಳಸಿ. ಹಳೆಯ ತುದಿಗೆ ಅಂಟಿದ ಹನಿ ಕೆಳಗಿನ ಹಂತಗಳನ್ನು ಏರಿಸಿ ಇಡೀ ಗೆರೆಯನ್ನು ವಾಲಿಸುತ್ತದೆ. ಮಾದರಿ 100 ಮೈಕ್ರೋಲೀಟರ್, 2 ಗಂಟೆ. ತೊಳೆದು ಎರಡನೇ ಆಂಟಿಬಾಡಿ, 2 ಗಂಟೆ. ಮತ್ತೆ ತೊಳೆದು ಬಣ್ಣ ಬರಿಸುವ ಟಿಎಂಬಿ, ಕತ್ತಲಲ್ಲಿ 20 ನಿಮಿಷ. ಆಮ್ಲ ಹಾಕಿ ನಿಲ್ಲಿಸಿ 450 ನ್ಯಾನೋಮೀಟರ್‌ನಲ್ಲಿ ಓದಿ, 540 ಅಥವಾ 570ರ ಓದನ್ನು ಕಳೆಯಿರಿ.

ತೊಳೆಯುವುದು ಸಣ್ಣ ಕೆಲಸವಲ್ಲ. ಗುಂಡಿ ತುಂಬಾ ದ್ರವ ಹಾಕಿ, ಪೂರ್ತಿ ಚೆಲ್ಲಿ, ಕೊನೆಗೆ ಟಿಶ್ಯೂ ಮೇಲೆ ಕವುಚಿ ಬಡಿಯಿರಿ. ಜೋಡಿ ಗುಂಡಿಗಳ ಓದು ಒಂದಕ್ಕೊಂದು ತಾಳೆಯಾಗದಿದ್ದರೆ ಬಹುಪಾಲು ಸಲ ಕಾರಣ ಪಿಪೆಟ್ ಅಥವಾ ಅರೆಬರೆ ತೊಳೆತ. ಜೋಡಿಯ ನಡುವಿನ ವ್ಯತ್ಯಾಸ ಶೇ. 15 ಮೀರಿದರೆ ಆ ಮಾದರಿಯನ್ನು ಹೊಸ ವಯಲ್‌ನಿಂದ ಮತ್ತೆ ಮಾಡಿ. ಇಷ್ಟವಾದ ಗುಂಡಿಯ ಓದನ್ನು ಆರಿಸಿಕೊಳ್ಳಬೇಡಿ.

ಒಬ್ಬ ರೋಗಿಯ ಎಲ್ಲ ದಿನಾಂಕಗಳ ಮಾದರಿ ಒಂದೇ ಪ್ಲೇಟಿನಲ್ಲಿರಬೇಕು. ಪ್ಲೇಟಿನಿಂದ ಪ್ಲೇಟಿಗೆ ಆಗುವ ವ್ಯತ್ಯಾಸ ಆಗ ಅವರ ಏರಿಳಿತದೊಳಗೆ ನುಸುಳುವುದಿಲ್ಲ. ಕೆಲಸದ ಆರಂಭದಲ್ಲೇ ಹಲವು ಆರೋಗ್ಯವಂತರ ಪ್ಲಾಸ್ಮಾ ಬೆರೆಸಿ ಸಣ್ಣ ಸಣ್ಣ ವಯಲ್ ಮಾಡಿಟ್ಟು, ಪ್ರತಿ ಪ್ಲೇಟಿನಲ್ಲೂ ಒಂದನ್ನು ಓಡಿಸಿ. ಸ್ಟ್ಯಾಂಡರ್ಡ್‌ಗಳ ಓದನ್ನು ನೇರ ಗೆರೆಯಾಗಿ ಎಳೆಯದೆ ನಾಲ್ಕು ಅಂಶಗಳ ವಕ್ರರೇಖೆಯಾಗಿ ಹೊಂದಿಸಿ. ಕೊನೆಯ ಸ್ಟ್ಯಾಂಡರ್ಡ್‌ಗಿಂತ ಕೆಳಗೆ ಬಿದ್ದ ಅಂಕಿಯನ್ನು ಸಾಫ್ಟ್‌ವೇರ್ ಕೊಟ್ಟರೂ ಬಳಸಬೇಡಿ.

ಪ್ಲಾಸ್ಮಾದಲ್ಲಿ ಏನಾದರೂ ಅಡ್ಡಿ ಮಾಡುತ್ತಿದೆಯೇ ತಿಳಿಯಲು ಗೊತ್ತಿರುವ ಪ್ರಮಾಣ ಸೇರಿಸಿ ನೋಡಿ. 60 ಇದ್ದ ಮಾದರಿಗೆ 200 ಸೇರಿಸಿದಾಗ 230 ಬಂತು ಎನ್ನಿ. ಸೇರಿಸಿದ 200ರಲ್ಲಿ 170 ಸಿಕ್ಕಿತು, ಅಂದರೆ ಶೇ. 85. ಶೇ. 80ರಿಂದ 120ರ ನಡುವೆ ಇದ್ದರೆ ಸರಿ.

ಬೆವಸಿಝುಮ್ಯಾಬ್ ಇದ್ದಾಗ ಅಂಕಿ ಯಾಕೆ ದಾರಿ ತಪ್ಪಿಸುತ್ತದೆ

ಅಮೆರಿಕದ ಎಫ್‌ಡಿಎ 2009ರ ಮೇ ತಿಂಗಳಲ್ಲಿ ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾಕ್ಕೆ ಬೆವಸಿಝುಮ್ಯಾಬ್‌ಗೆ ಒಪ್ಪಿಗೆ ಕೊಟ್ಟಿತು. 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ ಹೊಸ ರೋಗಿಗಳ ಆಯುಸ್ಸನ್ನು ಅದು ಹೆಚ್ಚಿಸಲಿಲ್ಲ. ಆದರೂ ಊತ ಇಳಿಸಿ ಸ್ಟೀರಾಯ್ಡ್ ತಗ್ಗಿಸಲು ನೆರವಾಗುವುದರಿಂದ ಬಳಕೆಯಲ್ಲಿದೆ. ಈ ಔಷಧ ವಿಇಜಿಎಫ್ ಅನ್ನೇ ಹಿಡಿದುಕೊಳ್ಳುವ ಆಂಟಿಬಾಡಿ. ಎಲೈಸಾ ಕಿಟ್ ಬಳಸುವುದೂ ವಿಇಜಿಎಫ್ ಹಿಡಿಯುವ ಆಂಟಿಬಾಡಿಯನ್ನೇ. ಇಬ್ಬರೂ ಒಂದೇ ಜಾಗವನ್ನು ಹಿಡಿಯುವವರಾದರೆ ಕಿಟ್‌ಗೆ ಬಿಡಿ ವಿಇಜಿಎಫ್ ಮಾತ್ರ ಕಾಣುತ್ತದೆ. ಬೇರೆ ಜಾಗವಾದರೆ ಔಷಧಕ್ಕೆ ಅಂಟಿದ್ದೂ ಕಾಣುತ್ತದೆ. ಔಷಧಕ್ಕೆ ಅಂಟಿದ ವಿಇಜಿಎಫ್ ಬೇಗ ಕಳೆದುಹೋಗದೆ ರಕ್ತದಲ್ಲೇ ಸುತ್ತುತ್ತದೆ, ಔಷಧದ ಅರ್ಧಾಯುವೇ ಸುಮಾರು 20 ದಿನ. ಹೀಗಾಗಿ ಒಬ್ಬರೇ ರೋಗಿಯಲ್ಲಿ ಒಂದು ಕಿಟ್ ‘ಇಳಿಯಿತು’ ಎನ್ನುತ್ತದೆ, ಇನ್ನೊಂದು ‘ಏರಿತು’ ಎನ್ನುತ್ತದೆ. ಎರಡೂ ನಿಜ, ಎರಡೂ ಅಳೆದದ್ದು ಬೇರೆ ಬೇರೆ.

ಪ್ರಮಾಣ ನೋಡಿ: ಎರಡು ವಾರಕ್ಕೊಮ್ಮೆ ಕಿಲೋಗೆ 10 ಮಿಲಿಗ್ರಾಂ ಪಡೆಯುವವರ ರಕ್ತದಲ್ಲಿ ಔಷಧ ಮಿ.ಲೀ.ಗೆ 100 ಮೈಕ್ರೋಗ್ರಾಂ ಆಸುಪಾಸು ಇರುತ್ತದೆ. ವಿಇಜಿಎಫ್ 50 ಪಿಕೋಗ್ರಾಂ. ತೂಕದಲ್ಲಿ 20 ಲಕ್ಷ ಪಟ್ಟು.

ನಿಮ್ಮ ಕಿಟ್ ಯಾವ ಬಗೆಯದು ಎಂಬುದನ್ನು ಕಂಪನಿಯ ಹಾಳೆಯನ್ನಷ್ಟೇ ನಂಬದೆ ಪರೀಕ್ಷಿಸಿ. ಆರೋಗ್ಯವಂತರ ಪ್ಲಾಸ್ಮಾಕ್ಕೆ 500 ಪಿಕೋಗ್ರಾಂ ವಿಇಜಿಎಫ್ ಸೇರಿಸಿ ಎರಡು ಪಾಲು ಮಾಡಿ. ಒಂದಕ್ಕೆ ಬೆವಸಿಝುಮ್ಯಾಬ್ ಮಿ.ಲೀ.ಗೆ 100 ಮೈಕ್ರೋಗ್ರಾಂ ಆಗುವಂತೆ, ಇನ್ನೊಂದಕ್ಕೆ ಅಷ್ಟೇ ಬಫರ್. ಒಂದು ಗಂಟೆ ಬಿಟ್ಟು ಅಳೆಯಿರಿ. ಡೇ-ಕೇರ್‌ನಲ್ಲಿ ವಯಲ್‌ನ ತಳದಲ್ಲಿ ಉಳಿಯುವ ಔಷಧ ಇದಕ್ಕೆ ಸಾಕು, ಫಾರ್ಮಸಿಯ ಲಿಖಿತ ಒಪ್ಪಿಗೆ ಇರಲಿ. ಔಷಧ ಹಾಕಿದ ಪಾಲಿನಲ್ಲಿ ಅಂಕಿ ಬಹುತೇಕ ಮಾಯವಾದರೆ ಕಿಟ್ ಬಿಡಿ ವಿಇಜಿಎಫ್ ಅಳೆಯುವುದು. ಹಾಗೇ ಉಳಿದರೆ ಒಟ್ಟು ಅಳೆಯುವುದು. ಅರ್ಧಂಬರ್ಧ ಉಳಿದರೆ ಔಷಧ ಪಡೆದ ರೋಗಿಗಳ ಮೇಲೆ ಆ ಕಿಟ್ ಬಳಸಬೇಡಿ. ಔಷಧದ ಮಟ್ಟ ಬದಲಾದಂತೆಲ್ಲ ಅಂಕಿಯೂ ಅರ್ಥವಿಲ್ಲದೆ ಕುಣಿಯುತ್ತದೆ. ಆಗ ಪಿಎಲ್‌ಜಿಎಫ್ ಮತ್ತು ಗ್ರಾಹಕ-2ನ್ನು ನೆಚ್ಚಿಕೊಳ್ಳುವುದೇ ಮೇಲು, ಅವೆರಡನ್ನೂ ಈ ಔಷಧ ಹಿಡಿಯುವುದಿಲ್ಲ.

ನಾಳದ ಕೋಶಗಳನ್ನೇ ಎಣಿಸುವವರಿಗೆ

ರಕ್ತದಲ್ಲಿ ತೇಲುವ ಒಳಪದರದ ಕೋಶಗಳನ್ನು ಫ್ಲೋ ಸೈಟೋಮೀಟರ್‌ನಲ್ಲಿ ಸಿಡಿ31, ಸಿಡಿ146 ಇದ್ದು ಸಿಡಿ45 ಇಲ್ಲದವು ಎಂದು ಗುರುತಿಸುತ್ತಾರೆ. ಬಹಳ ವಿರಳ, ಹೆಪ್ಪುಗಟ್ಟಿಸಿ ಇಡಲಾಗದು, ಕೆಲವೇ ಗಂಟೆಗಳಲ್ಲಿ ಓಡಿಸಬೇಕು. ಮೊದಲ ಟ್ಯೂಬಿನ ರಕ್ತವನ್ನು ಎಂದೂ ಬಳಸಬಾರದು: ಸೂಜಿಯೇ ನಾಳದ ಗೋಡೆಯಿಂದ ಕೆರೆದು ತಂದ ಕೋಶಗಳು ಅದರಲ್ಲಿರುತ್ತವೆ. ವಾರಕ್ಕೆ ಒಂದೆರಡು ಮಾದರಿ ಬರುವ ಲ್ಯಾಬ್‌ಗೆ ಇದನ್ನು ನಾವು ಸೂಚಿಸುವುದಿಲ್ಲ.

ಅಂಕಿ ಓದುವುದು

42 ಇದ್ದದ್ದು 61 ಆಯಿತು. ಏರಿತೇ? ಪರೀಕ್ಷೆಯದೇ ಏರುಪೇರು ಶೇ. 8, ರೋಗಿಯ ದಿನನಿತ್ಯದ ಸಹಜ ಏರಿಳಿತ ಶೇ. 20 ಎಂದು ಇಟ್ಟುಕೊಳ್ಳಿ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 21.5. ಅದನ್ನು 2.77ರಿಂದ ಗುಣಿಸಿದರೆ ಸುಮಾರು 60. ಅಂದರೆ ಶೇ. 60ಕ್ಕಿಂತ ಕಡಿಮೆ ಬದಲಾವಣೆ ಬರೀ ಏರುಪೇರಿನಿಂದಲೂ ಬರಬಹುದು. 42ರಿಂದ 61ಕ್ಕೆ ಆದದ್ದು ಶೇ. 45, ಅದನ್ನು ಏರಿಕೆ ಎನ್ನುವಂತಿಲ್ಲ. 75 ಆಗಿದ್ದರೆ ಶೇ. 79, ಅದನ್ನು ಗಂಭೀರವಾಗಿ ನೋಡಬೇಕು. ನಿಮ್ಮ ಲ್ಯಾಬ್‌ನ ಎರಡೂ ಏರುಪೇರುಗಳನ್ನು ನೀವೇ ಅಳೆದುಕೊಂಡು ಈ ಲೆಕ್ಕ ಹಾಕಿ. ಚಿಕಿತ್ಸೆ ಬದಲಾಗದ ಕೆಲವರಿಂದ ವಾರದ ಅಂತರದಲ್ಲಿ ಎರಡು ಸಲ ರಕ್ತ ತೆಗೆದರೆ ರೋಗಿಯ ಸಹಜ ಏರಿಳಿತ ಸಿಗುತ್ತದೆ.

ಅಂಕಿಗಳು ಒಂದು ಕಡೆ ಬಾಲ ಎಳೆದುಕೊಂಡಿರುವುದರಿಂದ ಲಾಗ್ ತೆಗೆದು ಲೆಕ್ಕ ಮಾಡಿ. ಬೇರೆ ಆಸ್ಪತ್ರೆಯ, ಬೇರೆ ಕಿಟ್‌ನ ಗಡಿ ಅಂಕಿಯನ್ನು ಎರವಲು ತರಬೇಡಿ. ರೋಗಿಯನ್ನು ಅವರದೇ ತಳಹದಿಗೆ ಹೋಲಿಸಿ.

ಪ್ರತಿ ಅಂಕಿಯ ಪಕ್ಕದಲ್ಲಿ ಇಷ್ಟು ಕಾಲಮ್ ಇರಲೇಬೇಕು: ಟ್ಯೂಬಿನ ಬಗೆ, ರಕ್ತ ತೆಗೆದ ಹೊತ್ತು, ಮೊದಲ ಸುತ್ತಿಗೆ ಹೋದ ಹೊತ್ತು, ಎರಡನೇ ಸುತ್ತು ಆಯಿತೇ, ಬಣ್ಣದ ದರ್ಜೆ, ಅಂದಿನ ಪ್ಲೇಟ್‌ಲೆಟ್, ಬಿಳಿರಕ್ತಕಣ, ಹಿಮಟೋಕ್ರಿಟ್, ಡೆಕ್ಸಾಮೆಥಸೋನ್ ಡೋಸ್, ಕೊನೆಯ ಹೆಪಾರಿನ್, ಕೊನೆಯ ಟೆಮೊಜೊಲೊಮೈಡ್ ಮತ್ತು ಬೆವಸಿಝುಮ್ಯಾಬ್ ದಿನಾಂಕ, ಜ್ವರ, ಎಂಆರ್‌ಐ ದಿನಾಂಕ, ಕಿಟ್‌ನ ಲಾಟ್ ಸಂಖ್ಯೆ, ಎಷ್ಟನೇ ಸಲ ಕರಗಿಸಿದ್ದು. ಇದನ್ನು ರಕ್ತ ತೆಗೆಯುವ ಹೊತ್ತಿನಲ್ಲೇ ತುಂಬಿಸಬೇಕು. ಆರು ತಿಂಗಳು ಬಿಟ್ಟು ಕೇಸ್ ಶೀಟ್ ಹುಡುಕಿದರೆ ಸ್ಟೀರಾಯ್ಡ್ ಡೋಸ್ ಸಿಗಬಹುದು. ಟ್ಯೂಬ್ ಮೇಜಿನ ಮೇಲೆ ಎಷ್ಟು ಹೊತ್ತು ನಿಂತಿತ್ತು ಎಂಬುದು ಯಾವ ಕೇಸ್ ಶೀಟಿನಲ್ಲೂ ಇರುವುದಿಲ್ಲ.